ವದಂತಿಯ ಕರ್ತೃ ಯಾರು?

2023ರ ಮಾರ್ಚ್ ತಿಂಗಳ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮೂವತ್ತೈದು ವರ್ಷಗಳ ಹಿಂದೆ, ವಿಜ್ಞಾನದ ಪದವಿಗೆ ಓದುತ್ತಿದ್ದರೂ ಕನ್ನಡದ ತರಗತಿಯನ್ನು ಎಂದೂ ತಪ್ಪಿಸದಿದ್ದ ಹುಡುಗ. ಈಗ ಐವತ್ತೈದು ದಾಟಿದ ಗೃಹಸ್ಥ. ಇಪ್ಪತ್ತೈದು ವರ್ಷಗಳಿಂದ ಅಮೆರಿಕದ ಟೆಕ್ಸಾಸಿನಲ್ಲಿ ನೌಕರಿ. ಕಾಫಿ ಮುಗಿದ ಮೇಲೆ ಅವನು ಕೈಚೀಲದಿಂದ ಕೆಂಪು ಬಣ್ಣದ ಒಂದು ನೋಟನ್ನು ತೆಗೆದು ಮೇಜಿನ ಮೇಲಿಟ್ಟ. ಇರಾಕ್ ದೇಶದ ಇಪ್ಪತ್ತೈದು ಸಾವಿರ ದಿನಾರಿನ ನೋಟು ಅದು. ಒಂದು ಬದಿಯಲ್ಲಿ ಗೋಧಿಯ ಸಿವುಡನ್ನು ಹಿಡಿದ ಕುರ್ದಿ ರೈತ ಮಹಿಳೆ; ಇನ್ನೊಂದು ಬದಿಯಲ್ಲಿ ಪ್ರಾಚೀನ ಬ್ಯಾಬಿಲೋನಿನ ದೊರೆ ಹಮ್ಮುರಾಬಿ.

“ಇಂಥವು ನನ್ನಲ್ಲಿ ಇನ್ನೂರು ಇವೆ, ಸಾರ್” ಎಂದ.

2011ರಲ್ಲಿ ಅವನು 5,500 ಡಾಲರು ಕೊಟ್ಟು 50 ಲಕ್ಷ ದಿನಾರುಗಳನ್ನು ಕೊಂಡಿದ್ದನಂತೆ. ಇಂದಲ್ಲ ನಾಳೆ ಇರಾಕ್ ಸರ್ಕಾರ ತನ್ನ ನಾಣ್ಯದ ಬೆಲೆಯನ್ನು ಏಕಾಏಕಿ ಏರಿಸಿ, ಒಂದು ದಿನಾರಿಗೆ ಒಂದು ಡಾಲರು, ಅಥವಾ ಮೂರು ಡಾಲರು ಎಂದು ಸಾರುತ್ತದಂತೆ. ಅಂದು ಈ ಇನ್ನೂರು ನೋಟುಗಳಿಗೆ 50 ಲಕ್ಷ ಡಾಲರು ಬರುತ್ತದಂತೆ. ಹನ್ನೆರಡು ವರ್ಷ ಕಾದದ್ದಾಯಿತು. ಈಗ, 2023ರ ಫೆಬ್ರವರಿಯಲ್ಲಿ, ಇರಾಕ್ ನಿಜವಾಗಿಯೂ ದಿನಾರಿನ ಬೆಲೆಯನ್ನು ಏರಿಸಿದೆ. ಡಾಲರಿಗೆ 1,450 ಇದ್ದುದು 1,300 ಆಗಿದೆ. “ಶುರುವಾಯಿತು ಸಾರ್. ನಿವೃತ್ತಿಗೆಂದು ಕೂಡಿಟ್ಟ ಹಣದಲ್ಲಿ ನಲವತ್ತು ಸಾವಿರ ಡಾಲರು ತೆಗೆದು ಇನ್ನಷ್ಟು ಕೊಳ್ಳಬೇಕೆಂದಿದ್ದೇನೆ. ನೀವೇನು ಹೇಳುತ್ತೀರಿ?” ಎಂದು ಕೇಳಿದ.

ನಾನು ಅರ್ಥಶಾಸ್ತ್ರಜ್ಞನಲ್ಲ, ಕನ್ನಡದ ಮೇಷ್ಟ್ರು. ಆದರೆ ಅವನ ಮಾತಿನಲ್ಲಿ ‘ಅಂತೆ’ ಎಂಬ ಪ್ರತ್ಯಯ ಮತ್ತೆ ಮತ್ತೆ ಬಂದುದು ನನ್ನ ಕಿವಿಗೆ ತಗುಲಿತು. ಸ್ವಲ್ಪ ಕಾಲಾವಕಾಶ ಕೇಳಿದೆ. ಓದಿದೆ, ತಿಳಿದವರನ್ನು ಕೇಳಿದೆ, ಕೂಡಿ ಕಳೆದು ನೋಡಿದೆ. ಆಮೇಲೆ ಅವನಿಗೆ ಒಂದು ದೀರ್ಘ ಪತ್ರ ಬರೆದೆ. ಅದರ ಸಾರವನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಶಬ್ದದಿಂದಲೇ ಹೊರಡೋಣ. ‘ವದಂತಿ’ ಎಂದರೆ ಸಂಸ್ಕೃತದಲ್ಲಿ ‘ಹೇಳುತ್ತಾರೆ’ ಎಂದಷ್ಟೇ ಅರ್ಥ. ಅದೊಂದು ಕ್ರಿಯಾಪದ, ಪ್ರಥಮಪುರುಷ, ಬಹುವಚನ. ಹೇಳುವವರು ಯಾರು? ಅದು ಆ ಪದದಲ್ಲಿಲ್ಲ. ಕರ್ತೃಪದ ಬಿಟ್ಟುಹೋದ ವಾಕ್ಯವೇ ವದಂತಿ. ನಮ್ಮ ಕನ್ನಡದ ‘ಅಂತೆ’ಯೂ ಅದೇ ಜಾತಿಯದು. “ಮಳೆ ಬಂತು” ಎಂದವನು ತನ್ನ ಮಾತಿಗೆ ತಾನೇ ಹೊಣೆ. “ಮಳೆ ಬಂತಂತೆ” ಎಂದವನು ಹೊಣೆಯನ್ನು ಬೇರೊಬ್ಬರ ಹೆಗಲಿಗೆ ದಾಟಿಸಿ ಹಗುರಾಗುತ್ತಾನೆ. ಅಂತೆಕಂತೆಗಳ ಸಂತೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹಾಗೆಂದು ವದಂತಿಯೆಲ್ಲ ಸುಳ್ಳೆಂದಲ್ಲ. ಎಷ್ಟೋ ಸಲ ನಿಜವೂ ಮೊದಲು ವದಂತಿಯ ವೇಷದಲ್ಲಿಯೇ ಬರುತ್ತದೆ. ಆದುದರಿಂದ ಅದನ್ನು ಎಸೆಯುವ ಮೊದಲೂ ನಂಬುವ ಮೊದಲೂ ತೂಗಿ ನೋಡಬೇಕು. ತೂಗುವ ಬಗೆ ವ್ಯಾಕರಣದ ಬಗೆಯೇ: ಕರ್ತೃ ಯಾರು, ಕರ್ಮ ಯಾವುದು, ಕಾಲ ಯಾವುದು?

ಇರಾಕಿನ ದಿನಾರಿನ ಕಥೆಯಲ್ಲಿ ಕಟ್ಟುಕಥೆಯಷ್ಟೇ ಸತ್ಯವೂ ಇದೆ. ಅದರ ಬಲವೆಲ್ಲ ಅಲ್ಲಿಯೇ ಇರುವುದು. 1990ಕ್ಕೆ ಮೊದಲು ಒಂದು ದಿನಾರಿಗೆ ಸರ್ಕಾರಿ ದರದಲ್ಲಿ 3 ಡಾಲರಿಗಿಂತ ಹೆಚ್ಚು ಬೆಲೆಯಿತ್ತು. ಆ ವರ್ಷದ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. ವಿಶ್ವಸಂಸ್ಥೆ ದಿಗ್ಬಂಧನ ವಿಧಿಸಿತು. ತೈಲ ಮಾರುವಂತಿಲ್ಲ, ಹೊರಗಿನಿಂದ ನೋಟು ಅಚ್ಚು ಹಾಕಿಸುವಂತಿಲ್ಲ. ಸರ್ಕಾರ ಒಳನಾಡಿನಲ್ಲೇ ಕಳಪೆ ಕಾಗದದ ಮೇಲೆ ಸದ್ದಾಮ್ ಹುಸೇನನ ಚಿತ್ರವಿರುವ ನೋಟುಗಳನ್ನು ಮಿತಿಯಿಲ್ಲದೆ ಅಚ್ಚು ಹಾಕಿತು. ಐದಾರು ವರ್ಷಗಳಲ್ಲಿ ಪೇಟೆಯಲ್ಲಿ ಒಂದು ಡಾಲರಿಗೆ ಸಾವಿರಾರು ದಿನಾರು ಕೊಡುವಂತಾಯಿತು. 2003ರ ಯುದ್ಧದ ನಂತರ, ಅಕ್ಟೋಬರ್ 15ರಿಂದ ಮೂರು ತಿಂಗಳ ಕಾಲ, ಹಳೆಯ ನೋಟುಗಳನ್ನು ಹಿಂದಕ್ಕೆ ಪಡೆದು ಈಗಿನ ಹೊಸ ನೋಟುಗಳನ್ನು ಕೊಟ್ಟರು. ಆಗ ಇರಾಕಿನಲ್ಲಿದ್ದ ಅಮೆರಿಕದ ಸೈನಿಕರೂ ಗುತ್ತಿಗೆದಾರರೂ ಈ ನೋಟುಗಳನ್ನು ಊರಿಗೆ ಒಯ್ದರು. ಕಥೆಯೂ ಅವುಗಳ ಜೊತೆಗೇ ಹೋಯಿತು: ಒಂದು ಕಾಲಕ್ಕೆ ಮೂರು ಡಾಲರು ಬಾಳುತ್ತಿದ್ದ ದಿನಾರು, ತೈಲದ ಮೇಲೆ ಕುಳಿತ ದೇಶ, ಶಾಂತಿ ಬಂದೊಡನೆ ಬೆಲೆ ಹಿಂದಿನಂತಾಗದೆ ಇರುತ್ತದೆಯೆ?

ಈ ವಾಕ್ಯದ ಕರ್ಮಪದವನ್ನು ಪರೀಕ್ಷಿಸಬೇಕು. ‘ದಿನಾರು’ ಎಂಬ ಹೆಸರು ಹಳೆಯದೇ ಆಗಿರಬಹುದು. ಹೆಸರಿಸಿದ ವಸ್ತು ಹಳೆಯದೆ? ಹೆಸರು ಉಳಿದು ವಸ್ತು ಬದಲಾಗುವುದನ್ನು ಭಾಷೆಯ ವಿದ್ಯಾರ್ಥಿಗಳು ದಿನವೂ ಕಾಣುತ್ತಾರೆ. ರೋಮನರ ಬೆಳ್ಳಿಯ ನಾಣ್ಯ ‘ದೆನಾರಿಯಸ್’, ಅದೇ ಹೆಸರು ‘ದೀನಾರ’ವಾಗಿ ನಮ್ಮ ಗುಪ್ತರ ಕಾಲದ ಶಾಸನಗಳಲ್ಲಿ ಚಿನ್ನದ ನಾಣ್ಯವನ್ನು ಸೂಚಿಸಿತು, ಇಂದು ಇರಾಕಿನಲ್ಲಿ ಅದು ಕಾಗದ. 1990ರ ದಿನಾರಿಗೂ ಇಂದಿನದಕ್ಕೂ ನಡುವೆ ಅಂಥದೇ ಕಂದಕವಿದೆ. ಮುಖ್ಯವಾದ ವ್ಯತ್ಯಾಸ ಸಂಖ್ಯೆಯಲ್ಲಿ. 2023ರ ಹೊತ್ತಿಗೆ ಇರಾಕಿನಲ್ಲಿ ಚಲಾವಣೆಗೆ ಬಿಟ್ಟ ನೋಟುಗಳ ಮೊತ್ತ 80 ಲಕ್ಷ ಕೋಟಿ ದಿನಾರುಗಳನ್ನು ಮೀರಿತ್ತು. ಒಂದು ದಿನಾರಿಗೆ ಒಂದು ಡಾಲರಾದರೆ ಈ ನೋಟುಗಳ ಬೆಲೆ 80 ಲಕ್ಷ ಕೋಟಿ ಡಾಲರು. ಪ್ರಪಂಚದ ಎಲ್ಲ ದೇಶಗಳೂ ಸೇರಿ 2022ರಲ್ಲಿ ಮಾಡಿದ ಒಟ್ಟು ಉತ್ಪಾದನೆಯ ಬೆಲೆ ಸುಮಾರು 100 ಲಕ್ಷ ಕೋಟಿ ಡಾಲರು. ಎಂದರೆ ನಾಲ್ಕೂವರೆ ಕೋಟಿಯಷ್ಟು ಜನರಿರುವ ಒಂದು ದೇಶದ ಜೇಬಿನಲ್ಲಿರುವ ಕಾಗದ, ಇಡೀ ಭೂಮಂಡಲದ ಒಂದು ವರ್ಷದ ದುಡಿಮೆಯ ಬಹುಪಾಲನ್ನು ಕೊಂಡುಬಿಡಬೇಕು! ಆ ಸಮಯದಲ್ಲಿ ಇರಾಕಿನ ಕೇಂದ್ರ ಬ್ಯಾಂಕಿನಲ್ಲಿದ್ದ ವಿದೇಶಿ ನಿಧಿ ಸುಮಾರು 10,000 ಕೋಟಿ ಡಾಲರು. ಅದನ್ನೆಲ್ಲ ಬರಿದು ಮಾಡಿ ನೋಟು ಹಿಡಿದವರಿಗೆ ಹಂಚಿದರೂ, 800 ದಿನಾರಿಗೆ ಒಂದು ಡಾಲರು ಬಂದೀತು, ಅದಕ್ಕಿಂತ ಹೆಚ್ಚಿಲ್ಲ.

“ಸರ್ಕಾರ ಮನಸ್ಸು ಮಾಡಿದರೆ?” ಎಂದು ಕೇಳಬಹುದು. ಸರ್ಕಾರ ಏಕೆ ಮನಸ್ಸು ಮಾಡುತ್ತದೆ ಎಂಬುದನ್ನೂ ನೋಡಬೇಕು. ಇರಾಕ್ ಸರ್ಕಾರದ ಆದಾಯದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ತೈಲದಿಂದ ಬರುತ್ತದೆ. ಅದು ಬರುವುದು ಡಾಲರುಗಳಲ್ಲಿ. ಸಂಬಳ, ನಿವೃತ್ತಿ ವೇತನ ಮುಂತಾದ ಖರ್ಚೆಲ್ಲ ದಿನಾರುಗಳಲ್ಲಿ. ತಿಂಗಳಿಗೆ ಹತ್ತು ಲಕ್ಷ ದಿನಾರು ಸಂಬಳವಿರುವ ಒಬ್ಬ ಶಾಲಾ ಉಪಾಧ್ಯಾಯನನ್ನು ಕಲ್ಪಿಸಿಕೊಳ್ಳಿ. ತೈಲದ ಬೆಲೆ ಪೀಪಾಯಿಗೆ 60 ಡಾಲರೆಂದು ಇಟ್ಟುಕೊಳ್ಳಿ. ಡಾಲರಿಗೆ 1,300 ದಿನಾರಿದ್ದರೆ ಹದಿಮೂರು ಪೀಪಾಯಿ ತೈಲ ಮಾರಿ ಸರ್ಕಾರ ಅವನ ಸಂಬಳ ಕೊಡಬಲ್ಲುದು. ಡಾಲರಿಗೆ ಒಂದೇ ದಿನಾರಾದರೆ, ಅದೇ ಸಂಬಳಕ್ಕೆ ಹದಿನಾರು ಸಾವಿರಕ್ಕೂ ಹೆಚ್ಚು ಪೀಪಾಯಿಗಳನ್ನು ಮಾರಬೇಕು. ಅದೂ ಒಬ್ಬ ಉಪಾಧ್ಯಾಯನಿಗೆ, ಒಂದು ತಿಂಗಳಿಗೆ! ತೈಲವೇ ದಿನಾರನ್ನು ಮೇಲಕ್ಕೆತ್ತುತ್ತದೆ ಎಂದು ನನ್ನ ಶಿಷ್ಯ ನಂಬಿದ್ದ. ಆದರೆ 2020ರಲ್ಲಿ ತೈಲದ ಬೆಲೆ ಕುಸಿದು ಸಂಬಳಕ್ಕೇ ಹಣ ಸಾಲದೆ ಹೋದಾಗ ಇರಾಕ್ ಮಾಡಿದ್ದೇನು? ಡಿಸೆಂಬರಿನಲ್ಲಿ ದಿನಾರಿನ ಬೆಲೆಯನ್ನು ಇಳಿಸಿತು. ಡಾಲರಿಗೆ 1,190ರ ಸುತ್ತ ಇದ್ದುದು 1,450ಕ್ಕೆ ಹೋಯಿತು. 2023ರ ಫೆಬ್ರವರಿಯ ಏರಿಕೆ ಈ ಇಳಿಕೆಯ ಒಂದು ಭಾಗವನ್ನು ಸರಿಪಡಿಸಿದ್ದು ಮಾತ್ರ. ಏಣಿಯಿಂದ ಎರಡು ಮೆಟ್ಟಿಲು ಇಳಿದವನು ಒಂದು ಮೆಟ್ಟಿಲು ಮೇಲೆ ಬಂದರೆ, ಅವನು ಅಟ್ಟ ಹತ್ತಿದನೆಂದು ಹೇಳಲಾಗದು.

ವದಂತಿ ಹೇಳುವವರು ಕೊಡುವ ದೊಡ್ಡ ದೃಷ್ಟಾಂತ ಕುವೈತಿನದು. 1990ರಲ್ಲಿ ಕುವೈತಿನ ದಿನಾರು ಕಸವಾಯಿತು. 1991ರಲ್ಲಿ ಅದು ಮತ್ತೆ ಮೂರು ಡಾಲರಿಗೂ ಮೇಲೇರಿತು. ನಡುವೆ ಕೊಂಡವರು ಕೋಟ್ಯಧೀಶರಾದರು ಎನ್ನುತ್ತಾರೆ. ಬೆಲೆ ಹಿಂದಿನ ಮಟ್ಟಕ್ಕೆ ಬಂದುದು ನಿಜ. ಆದರೆ ಅಲ್ಲಿ ಯಾರೂ ಲಕ್ಷ ಕೋಟಿಗಳ ಲೆಕ್ಕದಲ್ಲಿ ನೋಟು ಅಚ್ಚು ಹಾಕಿರಲಿಲ್ಲ. ದೇಶವನ್ನು ಕಳೆದುಕೊಂಡ ಸರ್ಕಾರ ಹೊರನಾಡಿನಲ್ಲಿ ತನ್ನ ಅಪಾರ ನಿಧಿಯನ್ನು ಉಳಿಸಿಕೊಂಡಿತ್ತು. ಹಿಂದಿರುಗಿ ಬಂದು, ಅದೇ ನಾಣ್ಯಕ್ಕೆ ಅದೇ ಬೆಲೆಯನ್ನು ಮತ್ತೆ ಕೊಟ್ಟಿತು. ಅಷ್ಟೇ ಅಲ್ಲ, ಹೊಸ ನೋಟುಗಳನ್ನು ತಂದು ಕೆಲವೇ ತಿಂಗಳಲ್ಲಿ ಹಳೆಯವನ್ನು ಹಿಂದೆಗೆದುಕೊಂಡಿತು. ಆಕ್ರಮಣಕಾರರು ದೋಚಿದ ನೋಟುಗಳನ್ನು ಕ್ರಮಸಂಖ್ಯೆಯಿಂದ ಗುರುತಿಸಿ ಅಮಾನ್ಯಗೊಳಿಸಿತು. ನೆರೆಯಲ್ಲಿ ಮುಳುಗಿದ ಮನೆ ನೀರಿಳಿದ ಮೇಲೆ ಮತ್ತೆ ಕಾಣುವುದು ಬೇರೆ. ಕುಸಿದುಬಿದ್ದ ಮನೆ ತಾನಾಗಿ ಎದ್ದು ನಿಲ್ಲುವುದು ಬೇರೆ.

ಇರಾಕಿಗೆ ಹತ್ತಿರವಾದ ದೃಷ್ಟಾಂತ ಬೇಕಾದರೆ ಜರ್ಮನಿಯನ್ನು ನೋಡಬೇಕು. ಮೊದಲ ಮಹಾಯುದ್ಧಕ್ಕೆ ಮುನ್ನ ಒಂದು ಡಾಲರಿಗೆ 4.2 ಮಾರ್ಕು. ಯುದ್ಧದ ನಂತರ ಮಾರ್ಕು ಬಿದ್ದಾಗ, ಅಮೆರಿಕದಲ್ಲಿಯೂ ಯುರೋಪಿನ ಇತರ ದೇಶಗಳಲ್ಲಿಯೂ ಅಸಂಖ್ಯಾತ ಜನ ಅದನ್ನು ಕೊಂಡಿಟ್ಟರು: “ಜರ್ಮನಿಯಂಥ ದೇಶ ಬಿದ್ದೇ ಇರುತ್ತದೆಯೆ? ಮಾರ್ಕು ಹಳೆಯ ಬೆಲೆಗೆ ಬಂದೇ ಬರುತ್ತದೆ.” 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕುಗಳಾದುವು. ಆಗ ಸರ್ಕಾರ ‘ರೆಂಟನ್‌ಮಾರ್ಕ್’ ಎಂಬ ಹೊಸ ನಾಣ್ಯವನ್ನು ತಂದಿತು. ಅದರ ದರ ಡಾಲರಿಗೆ 4.2. ವದಂತಿ ಅಕ್ಷರಶಃ ನಿಜವಾಯಿತು ನೋಡಿ! ಜರ್ಮನಿಯೂ ಎದ್ದಿತು, ಮಾರ್ಕು ಹಳೆಯ ಬೆಲೆಗೂ ಬಂದಿತು. ಆದರೆ ಒಂದು ಹೊಸ ಮಾರ್ಕಿಗೆ ಒಂದು ಲಕ್ಷ ಕೋಟಿ ಹಳೆಯ ಮಾರ್ಕುಗಳನ್ನು ಕೊಡಬೇಕಾಗಿತ್ತು. ನಂಬಿ ಕೊಂಡವರ ಕೈಯಲ್ಲಿದ್ದುದು ಹಳೆಯ ಮಾರ್ಕು. ಪದ ನಿಜವಾಗಿ ಅರ್ಥ ಸುಳ್ಳಾಗುವುದೆಂದರೆ ಇದು.

ಇರಾಕಿನಲ್ಲಿಯೂ ನೋಟುಗಳಿಂದ ಮೂರು ಸೊನ್ನೆಗಳನ್ನು ತೆಗೆದುಹಾಕುವ ಮಾತು ಹಲವು ವರ್ಷಗಳಿಂದ ಬಂದು ಹೋಗುತ್ತಲೇ ಇದೆ. ಕೇಂದ್ರ ಬ್ಯಾಂಕಿನ ಅಧಿಕಾರಿಗಳೇ ಅದನ್ನು ಆಡಿದ್ದಾರೆ. ಆದ್ದರಿಂದ ಈ ಮಾತಿಗೆ ಕರ್ತೃಪದವುಂಟು. ಆದರೆ ಸೊನ್ನೆ ತೆಗೆಯುವುದು ಬೆಲೆ ಏರಿಸುವುದಲ್ಲ. 2005ರ ಜನವರಿ 1ರಂದು ತುರ್ಕಿ ದೇಶ ತನ್ನ ಲೀರಾದಿಂದ ಆರು ಸೊನ್ನೆಗಳನ್ನು ತೆಗೆಯಿತು. ಹತ್ತು ಲಕ್ಷ ಹಳೆಯ ಲೀರಾಕ್ಕೆ ಒಂದು ಹೊಸ ಲೀರಾ. ನೋಟಿನ ಮೇಲಿನ ಸಂಖ್ಯೆ ಬದಲಾಯಿತು, ಅದಕ್ಕೆ ಬರುವ ರೊಟ್ಟಿಯ ಪ್ರಮಾಣ ಬದಲಾಗಲಿಲ್ಲ. ನಮ್ಮಲ್ಲಿಯೂ 1957ರ ಏಪ್ರಿಲ್ 1ರಂದು, ಹದಿನಾರಾಣೆಯ, ಅರವತ್ತನಾಲ್ಕು ಪೈಸೆಗಳ ರೂಪಾಯಿ ನೂರು ನಯೇ ಪೈಸೆಗಳ ರೂಪಾಯಿಯಾಯಿತು. ಅಂದು ಬೆಳಗಾಗುವಷ್ಟರಲ್ಲಿ ಯಾವ ಬಡವನೂ ಮೂವತ್ತಾರು ಪೈಸೆಗಳಷ್ಟು ಸಿರಿವಂತನಾಗಲಿಲ್ಲ.

ಇನ್ನು ಕಾಲದ ಪ್ರಶ್ನೆ. ಈ ವದಂತಿಯ ಕ್ರಿಯಾಪದ ಯಾವಾಗಲೂ ಭವಿಷ್ಯತ್ಕಾಲದಲ್ಲಿರುತ್ತದೆ. ಅದೂ ತೀರ ಸಮೀಪದ ಭವಿಷ್ಯತ್ತು. “ಈ ವಾರದ ಕೊನೆಗೆ,” “ರಂಜಾನ್ ಮುಗಿದೊಡನೆ,” “ಬಜೆಟ್ಟು ಅಂಗೀಕಾರವಾದ ಮರುದಿನ.” ನನ್ನ ಶಿಷ್ಯನೇ ಹೇಳಿದಂತೆ, ಹನ್ನೆರಡು ವರ್ಷಗಳಲ್ಲಿ ಇಂಥ ನೂರಾರು ದಿನಗಳು ಬಂದು ಹೋದುವು. ಪ್ರತಿ ಸಲವೂ ಆಗದೆ ಹೋದುದಕ್ಕೆ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ಇರಾಕಿನ ಬ್ಯಾಂಕು “ಅಂಥ ಯೋಚನೆಯಿಲ್ಲ” ಎಂದರೆ, “ಗುಟ್ಟನ್ನು ಕಾಪಾಡಲು ಹಾಗೆ ಹೇಳಲೇಬೇಕಲ್ಲ” ಎನ್ನುವುದು. ಅಲ್ಲಗಳೆದ ಮಾತೇ ಸಾಕ್ಷಿಯಾಗುವ ಕಡೆ ಸುಳ್ಳಿಗೆ ಸೋಲೇ ಇಲ್ಲ. ಯಾವುದು ನಡೆದರೆ ‘ನಾನು ತಪ್ಪಿದೆ’ ಎಂದು ಒಪ್ಪುತ್ತೀರಿ ಎಂದು ವದಂತಿ ತಂದವರನ್ನು ಕೇಳಿ. ಉತ್ತರವಿಲ್ಲದಿದ್ದರೆ, ಅದು ಸುದ್ದಿಯಲ್ಲ, ನಂಬಿಕೆ. ಲಾಟರಿಯ ಚೀಟಿಗಾದರೂ ಒಂದು ಗೊತ್ತಾದ ದಿನವಿರುತ್ತದೆ. ಅಂದು ಬರದಿದ್ದರೆ ಹರಿದುಹಾಕಿ ಮರೆಯಬಹುದು. ಈ ಚೀಟಿಗೆ ಅಂಥ ದಿನವೇ ಇಲ್ಲ.

ಕೊನೆಗೆ ಕರ್ತೃಪದ. ಯಾರು ಹೇಳುತ್ತಾರೆ? “ದೊಡ್ಡ ಬ್ಯಾಂಕಿನಲ್ಲಿರುವ ನನ್ನ ಮಿತ್ರರು,” “ಬಾಗ್ದಾದಿನಲ್ಲಿರುವ ನಂಬಿಕಸ್ಥರು” ಎಂದು ಹೇಳುವವರನ್ನು ಅಮೆರಿಕದಲ್ಲಿ ‘ದಿನಾರಿನ ಗುರುಗಳು’ ಎಂದು ಕರೆಯುತ್ತಾರಂತೆ. ನಮ್ಮ ‘ಗುರು’ ಶಬ್ದಕ್ಕೆ ಒದಗಿದ ಗತಿಯನ್ನು ಕೇಳಿ ನನಗೆ ಬೇಸರವಾಯಿತು. ಹೆಸರಿಲ್ಲದ ಆ ಕರ್ತೃವನ್ನು ಕೊನೆಗೊಮ್ಮೆ ಬೆಳಕಿಗೆ ತಂದುದು ನ್ಯಾಯಾಲಯ. 2010ರಿಂದ 2015ರವರೆಗೆ ಅರುವತ್ತು ಕೋಟಿ ಡಾಲರುಗಳಿಗೂ ಹೆಚ್ಚಿನ ದಿನಾರು ಮಾರಿದ್ದ ಒಂದು ಸಂಸ್ಥೆಯ ಮುಖ್ಯಸ್ಥರನ್ನು 2018ರಲ್ಲಿ ಅಟ್ಲಾಂಟಾ ನಗರದ ಫೆಡರಲ್ ನ್ಯಾಯಾಲಯದ ಪಂಚರು ವಂಚನೆಯ ಅಪರಾಧಿಗಳೆಂದು ತೀರ್ಮಾನಿಸಿದರು. ಬೆಲೆ ಏರುವುದೆಂಬ ಗುಲ್ಲಿಗೆ ನೀರೆರೆಯುತ್ತಿದ್ದವರೂ ನೋಟು ಮಾರುತ್ತಿದ್ದವರೂ ಬೇರೆ ಬೇರೆಯಾಗಿರಲಿಲ್ಲ ಎಂಬುದು ಅಲ್ಲಿ ಹೊರಬಿದ್ದಿತು. ಹತ್ತು ಪಟ್ಟಲ್ಲ, ಸಾವಿರ ಪಟ್ಟು ಬೆಲೆ ಏರುವುದೆಂದು ಖಚಿತವಾಗಿ ಬಲ್ಲವನು ತನ್ನಲ್ಲಿರುವುದನ್ನು ನನಗೇಕೆ ಮಾರುತ್ತಾನೆ? ಈ ಒಂದು ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ, ಎಷ್ಟೋ ಮನೆಗಳ ಉಳಿತಾಯ ಉಳಿಯುತ್ತಿತ್ತು.

ಹಾಗಾದರೆ ಇಂಥ ಹೂಡಿಕೆಯಿಂದ ನ್ಯಾಯವಾಗಿ ಎಷ್ಟನ್ನು ನಿರೀಕ್ಷಿಸಬಹುದು? ನಡೆದುದನ್ನೇ ನೋಡೋಣ. 2004ರಲ್ಲಿ ಡಾಲರಿಗೆ ಸುಮಾರು 1,460 ಇದ್ದ ದಿನಾರು 2008ರ ಕೊನೆಗೆ 1,170ರ ಸುತ್ತ ಬಂದಿತು. ಎಂದರೆ ನಾಲ್ಕು ವರ್ಷಗಳಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಏರಿಕೆ. ಇದು ಸಣ್ಣ ಲಾಭವೇನಲ್ಲ. ಆದರೆ ಇಪ್ಪತ್ತು ವರ್ಷಗಳ ಈ ಕಥೆಯಲ್ಲಿ ಅತ್ಯಂತ ಒಳ್ಳೆಯ ಅಧ್ಯಾಯವೇ ಇಷ್ಟು. ನನ್ನ ಶಿಷ್ಯ 2011ರಲ್ಲಿ ಕೊಂಡ 50 ಲಕ್ಷ ದಿನಾರುಗಳಿಗೆ ಅಂದಿನ ಸರ್ಕಾರಿ ದರದಲ್ಲಿ ಸುಮಾರು 4,270 ಡಾಲರು ಬೆಲೆ. ಅವನು ಕೊಟ್ಟುದು 5,500. ಉಳಿದುದು ಮಾರಿದವನ ಪಾಲು. ಎಂದರೆ ಕೊಂಡ ದಿನವೇ ಅವನು ಸಾವಿರದ ಇನ್ನೂರು ಡಾಲರಿಗೂ ಹೆಚ್ಚು ಕಳೆದುಕೊಂಡಿದ್ದ. 1,300ರ ದರದಲ್ಲಿ ಅದೇ ನೋಟುಗಳ ಬೆಲೆ ಸುಮಾರು 3,850 ಡಾಲರು. ಅದೂ ಕಾಗದದ ಮೇಲಿನ ಲೆಕ್ಕ. 2023ರಲ್ಲಿ ಬಾಗ್ದಾದಿನ ಪೇಟೆಯಲ್ಲಿ ಒಂದು ಡಾಲರು ಕೊಳ್ಳಲು 1,500ಕ್ಕಿಂತ ಹೆಚ್ಚು ದಿನಾರು ಕೊಡಬೇಕಾಗಿತ್ತು. ಬ್ಯಾಂಕಿನಲ್ಲಿಟ್ಟ ಹಣ ಬಡ್ಡಿಯನ್ನಾದರೂ ಈಯುತ್ತದೆ; ಪೆಟ್ಟಿಗೆಯಲ್ಲಿಟ್ಟ ನೋಟು ಮರಿ ಹಾಕುವುದಿಲ್ಲ.

ನಮ್ಮ ನಾಡಿನವರಿಗೆ ಒಂದು ಮಾತನ್ನು ಸೇರಿಸಬೇಕು. ಭಾರತದಲ್ಲಿ ನೆಲಸಿರುವವರು ಲಾಭದ ಆಸೆಯಿಂದ ವಿದೇಶಿ ನೋಟುಗಳನ್ನು ಕೂಡಿಡಲು 1999ರ ವಿದೇಶಿ ವಿನಿಮಯ ಕಾಯಿದೆಯಲ್ಲಿ ಅವಕಾಶವಿಲ್ಲ. ಪ್ರವಾಸ ಮುಗಿಸಿ ತಂದುದರಲ್ಲಿಯೂ ಇಟ್ಟುಕೊಳ್ಳಬಹುದಾದುದಕ್ಕೆ ಮಿತಿಯಿದೆ. ವಿದೇಶಿ ನಾಣ್ಯದ ವ್ಯಾಪಾರಕ್ಕೆ ಅನುಮತಿಯಿಲ್ಲದ ಸಂಸ್ಥೆಗಳ ಎಚ್ಚರಿಕೆಯ ಪಟ್ಟಿಯನ್ನು ರಿಸರ್ವ್ ಬ್ಯಾಂಕು 2022ರಿಂದ ಪ್ರಕಟಿಸುತ್ತಿದೆ. ದೂರವಾಣಿಯಲ್ಲಿ ಮಧುರವಾಗಿ ಮಾತನಾಡುವವರಿಗೆ ಹಣ ಒಪ್ಪಿಸುವ ಮೊದಲು, ಆ ಪಟ್ಟಿಯನ್ನು ನೋಡುವುದು ಲೇಸು.

ಇಷ್ಟನ್ನೆಲ್ಲ ಬರೆದು, ಪತ್ರದ ಕೊನೆಯಲ್ಲಿ ಶಿಷ್ಯನಿಗೆ ಹೀಗೆಂದೆ: “ನೀನು ದಡ್ಡನೆಂದು ನಾನು ಹೇಳುತ್ತಿಲ್ಲ. ದಡ್ಡರನ್ನು ಸುಳ್ಳು ಹಿಡಿಯುತ್ತದೆ. ಬುದ್ಧಿವಂತರನ್ನು ಅರ್ಧ ಸತ್ಯ ಹಿಡಿಯುತ್ತದೆ. ದಿನಾರಿಗೆ ಒಮ್ಮೆ ಮೂರು ಡಾಲರಿದ್ದುದು ಸತ್ಯ, ಕುವೈತಿನ ಕಥೆ ಅರ್ಧ ಸತ್ಯ, ಸೊನ್ನೆ ತೆಗೆಯುವ ಮಾತು ಸತ್ಯ, ಫೆಬ್ರವರಿಯ ಏರಿಕೆಯೂ ಸತ್ಯ. ಈ ಮಣಿಗಳನ್ನು ಪೋಣಿಸಿದ ದಾರ ಮಾತ್ರ ಆಸೆಯದು. ಹೋದ 5,500 ಡಾಲರಿಗಾಗಿ ಇನ್ನೂ 40,000 ಡಾಲರನ್ನು ಕಳುಹಿಸಬೇಡ.” ಇನ್ನೊಂದು ಮಾತನ್ನೂ ಬರೆದೆ. ಅವನ ನೋಟಿನ ಹಿಂಬದಿಯಲ್ಲಿರುವ ಹಮ್ಮುರಾಬಿ ತನ್ನ ಶಾಸನವನ್ನು ಆರಂಭಿಸುವುದೇ, ಇನ್ನೊಬ್ಬನ ಮೇಲೆ ಕೊಲೆಯ ಆರೋಪ ಹೊರಿಸಿ ಅದನ್ನು ಸಾಬೀತುಪಡಿಸಲಾಗದವನಿಗೆ ವಿಧಿಸಿದ ಶಿಕ್ಷೆಯಿಂದ. ಆಡಿದ ಮಾತಿಗೆ ಆಡಿದವನೇ ಹೊಣೆಯೆಂಬ ನಿಯಮ ಆ ನಾಡಿಗೆ ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನದು.

ಎರಡು ತಿಂಗಳ ನಂತರ ಉತ್ತರ ಬಂದಿತು. ನಿವೃತ್ತಿಯ ಹಣವನ್ನು ಅವನು ಮುಟ್ಟಲಿಲ್ಲ. ಹಳೆಯ ಇನ್ನೂರು ನೋಟುಗಳನ್ನು ಮಾರಲೂ ಇಲ್ಲ. “ಇರಲಿ ಸಾರ್, ಯಾರು ಬಲ್ಲರು?” ಎಂದು ಬರೆದಿದ್ದ. ನಾನು ಅದಕ್ಕೆ ಮರುನುಡಿಯಲಿಲ್ಲ. ಕಳೆದುಕೊಂಡರೂ ಸಂಸಾರಕ್ಕೆ ತೊಂದರೆಯಾಗದಷ್ಟು ಹಣದಲ್ಲಿ ಒಂದು ಆಸೆಯನ್ನು ಇಟ್ಟುಕೊಳ್ಳುವುದಾದರೆ ಇಟ್ಟುಕೊಳ್ಳಲಿ. ಆದರೆ ಅದನ್ನು ಆಸೆಯೆಂದು ತಿಳಿದು ಇಟ್ಟುಕೊಳ್ಳಲಿ, ಲೆಕ್ಕವೆಂದು ತಿಳಿದಲ್ಲ. ಆ ಪತ್ರದಲ್ಲಿ ಒಂದೇ ಒಂದು ಕಡೆಯೂ ‘ಅಂತೆ’ ಇರಲಿಲ್ಲವೆಂಬುದನ್ನು ನಾನು ಗಮನಿಸಿದೆ. ಮೇಷ್ಟ್ರಿಗೆ ಅಷ್ಟು ಸಾಕು.

(ಆಕಾಶವಾಣಿ ಭಾಷಣ)